ಮೂರು ಹೂಕೋಸು, ಐದು ಹುಣಸೆಬೀಜ

ಹೂಕೋಸನ್ನು ಕೊಯ್ದ ಮೇಲೆ ಅದು ಎಷ್ಟು ದಿನ ತಿನ್ನುವ ಹಾಗಿರುತ್ತದೆ ಎಂದು ತಿಳಿಯುವುದಕ್ಕೆ ನಾನು ಒಂದು ಇಡೀ ಚಳಿಗಾಲ ಕಳೆದಿದ್ದೇನೆ. ಆಗ ಕೊಯಮತ್ತೂರಿನಲ್ಲಿ ತೋಟಗಾರಿಕೆ ಓದುತ್ತಿದ್ದೆ. ಮೂರು ತಳಿಗಳನ್ನು ಒಂದೇ ಹೊಲದಲ್ಲಿ ಬೆಳೆದು, ಒಂದೇ ದಿನ ಕೊಯ್ದು, ಯಾವುದು ಮೊದಲು ಬಾಡುತ್ತದೆ, ಯಾವುದು ಹಳದಿಗಟ್ಟುತ್ತದೆ, ಯಾವುದು ಬೇಯಿಸಿದಾಗಲೂ ರುಚಿ ಉಳಿಸಿಕೊಳ್ಳುತ್ತದೆ ಎಂದು ಹೋಲಿಸಿ ಬರೆಯುವುದು ನನ್ನ ಪ್ರಬಂಧದ ಕೆಲಸ. ಚಿಂತಾಮಣಿ ಕಡೆಯ ನಮ್ಮೂರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ, "ಅದಕ್ಕೆ ಎಂ.ಎಸ್ಸಿ. ಯಾಕೆ? ಮೂಲೇಲಿ ಮೂರು ದಿನ ಇಟ್ರೆ ಗೊತ್ತಾಗುತ್ತೆ" ಎಂದಿದ್ದಳು. ಅವಳು ಹೇಳಿದ್ದು ತಪ್ಪೇನಲ್ಲ. ನಾನು ಮಾಡಿದ್ದೂ ಹೆಚ್ಚುಕಡಿಮೆ ಅದೇ. ಮೂಲೆಯಲ್ಲಿಟ್ಟು ದಿನಾ ತೂಗಿ ಬರೆದುಕೊಂಡೆ, ಅಷ್ಟೇ ವ್ಯತ್ಯಾಸ.

ನನಗೆ ಮಾರ್ಗದರ್ಶನ ಮಾಡುತ್ತಿದ್ದವರು ಕಾಲೇಜಿನ ಹೊಲದಲ್ಲಿ ಬೆಳೆಯುವುದು ಬೇಡ ಎಂದರು. "ನಮ್ಮ ಹೊಲದಲ್ಲಿ ಎಲ್ಲ ತಳಿಯೂ ಚೆನ್ನಾಗಿಯೇ ಬರುತ್ತೆ. ರೈತರ ಮನೇಲಿ ಇಟ್ಟು ನೋಡು" ಎಂದು ಪೊಳ್ಳಾಚಿ ರಸ್ತೆಯ ಒಂದು ಹಳ್ಳಿಯ ದಾರಿ ಹೇಳಿದರು. ಅಲ್ಲಿನ ಮನೆಯವರು ಕನ್ನಡದವರು ಎಂದೂ ಹೇಳಿದರು. ನನಗೆ ತಮಿಳು ಬಾರದೆ ಒದ್ದಾಡುತ್ತಿದ್ದುದನ್ನು ನೋಡಿಯೇ ಆ ಮನೆ ಆರಿಸಿದ್ದರೆಂದು ಕಾಣುತ್ತದೆ.

ಬಸ್ಸಿಳಿದು ತೆಂಗಿನ ಸಾಲಿನ ನಡುವೆ ನಡೆದು ಹೋದಾಗ ಬಾಗಿಲಲ್ಲಿ ನಿಂತಿದ್ದವರು ಐವತ್ತೈದರ ಆಸುಪಾಸಿನ, ಎತ್ತರದ ಹೆಂಗಸು. ನಾನು ನಮಸ್ಕಾರ ಹೇಳಿ, ಕಾಲೇಜಿನಿಂದ ಬಂದಿರುವುದಾಗಿ ತಿಳಿಸಿ, ತಮ್ಮ ಸಹಕಾರ ಬೇಕಾಗಿತ್ತು ಎಂದೆ. ಅವರು ಒಂದು ಗಳಿಗೆ ನನ್ನ ಬಾಯನ್ನೇ ನೋಡಿದರು.

"ರೇಡಿಯೋದಲ್ಲಿ ಮಾತಾಡ್ದಂಗೆ ಮಾತಾಡ್ತೀಯಲ್ಲ ಕಣ್ಣು," ಎಂದರು. ಚಿಕ್ಕವರನ್ನು ಮುದ್ದಿನಿಂದ ಕರೆಯುವುದು ಅಲ್ಲಿ ಹಾಗೆ. "ಸಹಕಾರ ಅಂದ್ರೆ ಏನು? ಸೊಸೈಟಿನಾ?"

"ಅಲ್ಲ, ಸಹಾಯ ಅಂತ."

"ಉದವಿನಾ. ಅಂಗೆ ಏಳು. ಮೊದ್ಲು ಒಳಕ್ಕೆ ಬಾ, ಉಕ್ಕಾರು."

ಕೂತೆ. ಏಳು ಎಂದರೆ ಹೇಳು ಎಂದು ಆಮೇಲೆ ಹೊಳೆಯಿತು; ಅವರ ಮಾತಿನಲ್ಲಿ ಹಕಾರ ಹೆಚ್ಚಾಗಿ ಬಿದ್ದುಹೋಗುತ್ತಿತ್ತು. ಅವರನ್ನು ಏನೆಂದು ಕರೆಯಲಿ ಎಂದು ಕೇಳಿದ್ದಕ್ಕೆ "ಅತ್ತೆ ಅನ್ನು" ಎಂದರು. ಅವರು ಅತ್ತೆಯಾದ ಮೇಲೆ ಅವರ ಗಂಡ ತಾನಾಗಿಯೇ ಮಾವ ಆದರು. ಮಾವ ಚಿಕ್ಕವಯಸ್ಸಿನಿಂದ ಕುರಿಚಿಯ ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಕಿವಿ ಮಂದವಾದ ಮೇಲೆ ತೋಟಕ್ಕೆ ಮರಳಿದವರು. ಆ ಮನೆಯವರು ಎಷ್ಟು ತಲೆಮಾರಿನ ಹಿಂದೆ ಇಲ್ಲಿಗೆ ಬಂದರೆಂದು ಅವರಿಗೂ ಗೊತ್ತಿರಲಿಲ್ಲ. ಇಬ್ಬರದೂ ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಇಬ್ಬರಿಗೂ ಬಾರದು. ನಾನು ಬರೆಯುವುದನ್ನು ಅತ್ತೆ ಬಗ್ಗಿ ನೋಡಿ, "ಎಲ್ಲಾ ಎಷ್ಟು ರೌಂಡಾಗಿದೆ, ಜಿಲೇಬಿ ಇದ್ದಂಗೆ" ಎನ್ನುತ್ತಿದ್ದರು.

ಮೂರು ತಳಿಗೂ ಬೆಳೆಯುವ ಅವಧಿ ಬೇರೆ ಬೇರೆ. ಒಂದೇ ದಿನ ಕೊಯ್ಲಿಗೆ ಬರಬೇಕೆಂದರೆ ಬೀಜವನ್ನು ಹಿಂದೆಮುಂದೆ ಚೆಲ್ಲಬೇಕು. ನಾನು ಕಾಗದದ ಮೇಲೆ ಲೆಕ್ಕ ಹಾಕಿಕೊಂಡು ಹೋಗಿದ್ದ ದಿನಗಳನ್ನು ಅತ್ತೆ ಕೇಳಿಸಿಕೊಂಡು, ಮಂಜು ಬೀಳುವ ವಾರ ಗಿಡ ನಿಧಾನವಾಗುತ್ತದೆ, ಮಧ್ಯದ್ದನ್ನು ಇನ್ನೂ ನಾಲ್ಕು ದಿನ ಮೊದಲು ಚೆಲ್ಲು ಎಂದರು. ಚೆಲ್ಲಿದೆ. ಅವರ ಮಾತೇ ಸರಿಹೋಯಿತು.

ತಳಿಗಳಿಗೆ ನಾನು ಕೊಟ್ಟಿದ್ದ ಅಂಕೆಗಳು ಹೂ ಕಟ್ಟಿದ ಮೇಲೆ ಆ ಮನೆಯಲ್ಲಿ ಒಂದು ವಾರವೂ ಉಳಿಯಲಿಲ್ಲ. ಗೆಡ್ಡೆಯ ಹಾಗೆ ಗಟ್ಟಿಯಾಗಿ, ದೊಡ್ಡದಾಗಿ, ಹಾಲಿನಷ್ಟು ಬೆಳ್ಳಗೆ ಬರುವುದನ್ನು ಅತ್ತೆ ಬೆಳ್ಳಿ ಎಂದು ಕರೆದರು. ಎರಡನೆಯದು ಹುಟ್ಟುವಾಗಲೇ ಸ್ವಲ್ಪ ಕೆನೆಬಣ್ಣ; ಅದು ಮೋರು, ಎಂದರೆ ತಮಿಳಿನ ಮಜ್ಜಿಗೆ. ಮೂರನೆಯದು ಚಿಕ್ಕದು, ಅದರ ಒಳಗಿನ ಎಲೆಗಳು ತಾವಾಗಿಯೇ ಹೂವಿನ ಮೇಲೆ ಬಗ್ಗಿ ಮುಚ್ಚಿಕೊಳ್ಳುತ್ತವೆ. ಅದಕ್ಕೆ ಮುಕ್ಕಾಡು ಎಂದು ಹೆಸರಾಯಿತು, ತಲೆಯ ಮೇಲೆ ಸೆರಗು ಹೊದ್ದುಕೊಂಡದ್ದು ಎಂದು ಅರ್ಥ. ನನ್ನ ಪುಸ್ತಕದಲ್ಲೂ ಕೊನೆಗೆ ಅವೇ ಹೆಸರುಗಳು ಸೇರಿಕೊಂಡವು.

ಮೊದಲ ಕೊಯ್ಲು ಮಾರ್ಗಳಿಯಲ್ಲಿ, ಎಂದರೆ ನಮ್ಮ ಧನುರ್ಮಾಸದಲ್ಲಿ. ಬೆಳಗಿನ ತಂಪಿನಲ್ಲಿ, ಹೂವಿನ ಸುತ್ತ ಒಂದಿಷ್ಟು ಎಲೆ ಉಳಿಸಿ ಕೊಯ್ದೆವು. ಒಂದು ಭಾಗ ಕಾಲೇಜಿನ ಶೀತಕೋಣೆಗೆ ಹೋಯಿತು. ಉಳಿದದ್ದನ್ನು ಮನೆಯ ಪಕ್ಕದ ಮೇವಿನ ಕೋಣೆ ಖಾಲಿ ಮಾಡಿಸಿ ಇಟ್ಟೆ. ಕೆಲವು ಗೋಣಿಯ ಮೇಲೆ ಹಾಗೇ, ಕೆಲವು ಒದ್ದೆ ಗೋಣಿಯ ಅಡಿ, ಕೆಲವು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ. ದಿನಕ್ಕೆರಡು ಸಲ ತೂಕ, ಬಣ್ಣ, ಕಲೆ, ಗಟ್ಟಿತನ.

ಇಷ್ಟೆಲ್ಲ ನಾನೊಬ್ಬಳೇ ಮಾಡಬಹುದಿತ್ತು. ರುಚಿ ನೋಡುವ ಕೆಲಸಕ್ಕೆ ಮಾತ್ರ ಜನ ಬೇಕಿತ್ತು. ಅತ್ತೆ, ಮಾವ, ಹಾಲು ಕರೆಯಲು ಬರುತ್ತಿದ್ದ ಹೆಂಗಸು, ಪಕ್ಕದ ಮನೆಯ ನೇಕಾರ ಕುಟುಂಬದ ನಾಲ್ವರು, ಒಟ್ಟು ಏಳು ಮಂದಿ ಸಿಕ್ಕರು. ನೇಕಾರರ ಮನೆಯಲ್ಲೂ ಕನ್ನಡವೇ, ಆದರೆ ಅತ್ತೆಯವರ ಕನ್ನಡವಲ್ಲ. ಒಬ್ಬರನ್ನೊಬ್ಬರು ಅಣಕಿಸಿಕೊಂಡು ನಗುತ್ತಿದ್ದರು. ಪುಸ್ತಕದಲ್ಲಿರುವಂತೆ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವ ಹಾಳೆ ತಂದಿದ್ದೆ. ಅದು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಬರೆದರೆ ಅವರು ಓದಲಾರರು, ತಮಿಳಿನಲ್ಲಿ ನಾನು ಬರೆಯಲಾರೆ. ಅತ್ತೆಯೇ ದಾರಿ ಹುಡುಕಿದರು. ಪ್ರತಿಯೊಬ್ಬರಿಗೂ ಹಿಡಿ ಹುಣಸೆಬೀಜ, ಪ್ರತಿ ತಳಿಗೂ ಒಂದೊಂದು ತೆಂಗಿನ ಚಿಪ್ಪು. ಯಾವ ತಳಿ ಎಂದು ತಿಳಿಯದಿರಲು ಚಿಪ್ಪಿಗೆ ಬೇರೆ ಬೇರೆ ಬಣ್ಣದ ನೂಲು ಕಟ್ಟುವುದು. ತುಂಬ ಚೆನ್ನಾಗಿದ್ದರೆ ಒಂಬತ್ತು ಬೀಜ, ಬಾಯಿಗಿಡಲಾಗದಿದ್ದರೆ ಒಂದು. ಒಬ್ಬರದ್ದನ್ನು ಒಬ್ಬರು ನೋಡದ ಹಾಗೆ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂರುವುದು.

ರುಚಿ ನೋಡುವವರನ್ನು ಆರಿಸುವ ಮೊದಲು ಅವರ ಮೂಗು, ನಾಲಿಗೆ ಸರಿಯಾಗಿವೆಯೇ ಎಂದು ಸಣ್ಣ ಪರೀಕ್ಷೆ ಮಾಡಬೇಕೆಂದು ನಿಯಮವಿದೆ. ಮನೆಯವರನ್ನು ಪರೀಕ್ಷಿಸುವುದೇ ಎಂಬ ಸಂಕೋಚದಿಂದ ನಾನು ಅದನ್ನು ಬಿಟ್ಟುಬಿಟ್ಟೆ. ಅದು ನನ್ನ ತಪ್ಪು.

ಮೊದಲ ದಿನ ಎಲ್ಲ ಹೂವೂ ತಾಜಾ. ಉಪ್ಪು ಮಾತ್ರ ಹಾಕಿ ಬೇಯಿಸಿ ಕೊಟ್ಟೆ. ಎಲ್ಲರ ಚಿಪ್ಪಿನಲ್ಲೂ ಏಳೆಂಟು ಬೀಜ, ಅತ್ತೆಯ ಮೂರು ಚಿಪ್ಪಿನಲ್ಲೂ ಐದೈದು. ಕಟ್ಟುನಿಟ್ಟಿನ ಹೆಂಗಸು ಎಂದುಕೊಂಡೆ. ಮೂರನೇ ದಿನ ಬೆಳ್ಳಿಯ ಅಂಚುಗಳು ಹಳದಿಗೆ ತಿರುಗಿದ್ದವು, ಒತ್ತೊತ್ತಾಗಿದ್ದ ಹೂವು ಸಡಿಲವಾಗಿ ಮೇಲ್ಮೈ ಅಕ್ಕಿನುಚ್ಚು ಚೆಲ್ಲಿದಂತೆ ಕಾಣುತ್ತಿತ್ತು. ಬೇಯಿಸಿದಾಗ ಒಂದು ಬಗೆಯ ಕಮಟು. ಮಾವ ಅದಕ್ಕೆ ಎರಡೇ ಬೀಜ ಹಾಕಿದರು. ನೇಕಾರರ ಮನೆಯ ಅಜ್ಜಿ ಒಂದು ಹಾಕಿ, ಚಿಪ್ಪನ್ನು ದೂರ ತಳ್ಳಿದರು. ಮೋರು ಎಲ್ಲರಿಗೂ ಇಷ್ಟವಾಗಿತ್ತು. ಮುಕ್ಕಾಡಿನ ಬಗ್ಗೆ ಯಾರಿಗೂ ದೂರಿಲ್ಲ, ಹೊಗಳಿಕೆಯೂ ಇಲ್ಲ. ಅತ್ತೆಯ ಚಿಪ್ಪುಗಳಲ್ಲಿ ಮತ್ತೆ ಐದು, ಐದು, ಐದು.

ಆ ಸಂಜೆ ಬಸ್ಸಿನಲ್ಲಿ ಕೂತು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ: "ಒಬ್ಬರಿಗೆ ಗಮನವಿಲ್ಲ. ಆಸಕ್ತಿ ಕಡಿಮೆ."

ಐದನೇ ದಿನ ಬೆಳಿಗ್ಗೆ ನಾನು ಹೋಗುವುದು ತಡವಾಯಿತು. ಅತ್ತೆ ನನಗೆ ಉಪಕಾರವಾಗಲೆಂದು ಮೇವಿನ ಕೋಣೆಯಿಂದ ಹೂಗಳನ್ನು ತಂದು ಅಡುಗೆಮನೆಯಲ್ಲಿ ಬಿಡಿಸುತ್ತಾ ಕೂತಿದ್ದರು. ಅಂಗಳದಲ್ಲೇ ನನ್ನ ಮೂಗಿಗೆ ನಾತ ಹೊಡೆಯಿತು. ಕೊಳೆತ ಹೂಕೋಸಿನ ನಾತ ಗೊತ್ತಿದ್ದವರಿಗೆ ಗೊತ್ತು; ಕೆಟ್ಟ ಮೊಟ್ಟೆ ಒಡೆದ ಹಾಗಿರುತ್ತದೆ. ಒಳಗೆ ಹೋದರೆ ಅತ್ತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದ ಬೆಳ್ಳಿಯನ್ನು ಮಡಿಲ ಹತ್ತಿರ ಇಟ್ಟುಕೊಂಡು, ಕಂದು ಬಣ್ಣದ ಮೆತ್ತನೆಯ ಭಾಗವನ್ನು ಚಾಕುವಿನಿಂದ ತೆಗೆದು, ಉಳಿದ ಬೆಳ್ಳಗಿನ ಎಸಳುಗಳನ್ನು ಶ್ರದ್ಧೆಯಿಂದ ಪಾತ್ರೆಗೆ ಹಾಕುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಇರಲಿಲ್ಲ. ಹಾಲು ಕರೆಯುವ ಹೆಂಗಸು ಹಿತ್ತಿಲ ಬಾಗಿಲಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

"ಅತ್ತೆ, ಅದು ಬೇಡ. ಪೂರ್ತಿ ಕೊಳೆತಿದೆ," ಎಂದೆ.

"ಇದಾ? ಮೇಲೆ ಬೆಳ್ಳಗೇ ಐತಲ್ಲ."

"ನಾತ ಹೊಡೀತಿದೆಯಲ್ಲ."

ಅವರು ಚಾಕು ಕೆಳಗಿಟ್ಟರು. ಹಾಲಿನ ಹೆಂಗಸನ್ನು ಒಮ್ಮೆ ನೋಡಿ, ಹಸುವಿಗೆ ನೀರಿಡು ಎಂದು ತಮಿಳಿನಲ್ಲಿ ಹೇಳಿ ಕಳಿಸಿದರು. ಅವಳು ಹೋದ ಮೇಲೆ ಪಾತ್ರೆಗೆ ಹಾಕಿದ್ದ ಎಸಳುಗಳನ್ನು ಒಂದೊಂದಾಗಿ ಹೊರಕ್ಕೆ ತೆಗೆದರು.

"ನಂಗೆ ವಾಸನೆ ಬರಲ್ಲ ಕಣ್ಣು," ಎಂದರು. "ಆ ಕಾಚ್ಚಲು, ಅದೇ ಜ್ವರ, ಬಂದಾಗ ಓದದ್ದು. ಎಲ್ರಿಗೂ ಬಂತಲ್ಲ, ಬಾಗಿಲು ಆಕ್ಕೊಂಡು ಮನೇಲಿ ಕೂತಿದ್ವಲ್ಲ, ಆವಾಗ. ಕಾಚ್ಚಲು ಒಂದೇ ವಾರ. ವಾಸನೆ ಮಾತ್ರ ತಿರುಗಿ ಬರ್ಲಿಲ್ಲ."

"ಒಂದು ಸ್ವಲ್ಪವೂ ಇಲ್ವಾ?"

"ಏನೂ ಇಲ್ಲ. ಉಪ್ಪು ಗೊತ್ತಾಗ್ತದೆ, ಉಳಿ ಗೊತ್ತಾಗ್ತದೆ, ಕಾರ ಸುಡ್ತದೆ. ಮಿಕ್ಕಿದ್ದೆಲ್ಲಾ ಬಾಯಲ್ಲಿ ಬರೀ ಮೆತ್ತಗೆ, ಗಟ್ಟಿ, ಅಷ್ಟೇ."

ಹಾಗಾದರೆ ದಿನಾ ಅಡುಗೆ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಕೈ ಅಳತೆ ಮರೆತಿಲ್ಲ ಎಂದರು. ಒಗ್ಗರಣೆ ಸಾಸಿವೆ ಸಿಡಿಯುವ ಸದ್ದಿನಿಂದ ತಿಳಿಯುತ್ತದೆ, ಹುರಿದದ್ದು ಬಣ್ಣದಿಂದ, ಕುದಿದದ್ದು ಗುಳ್ಳೆಯ ಗಾತ್ರದಿಂದ. ಹಬ್ಬಕ್ಕೆ ಕುನ್ನತ್ತೂರಿನಿಂದ ಬರುವ ಮಗಳು ಅಮ್ಮನ ಕೈರುಚಿ ಎಂದು ಈಗಲೂ ಎರಡನೇ ಸಲ ಬಡಿಸಿಕೊಳ್ಳುತ್ತಾಳಂತೆ.

"ಮಗಳಿಗೆ ಗೊತ್ತಾ?"

"ಯಾರ್ಗೂ ಗೊತ್ತಿಲ್ಲ. ಮಾವನಿಗೂ ಇಲ್ಲ. ಗೊತ್ತಾದ್ರೆ ಅಡುಗೆ ಬೇಡ, ಒಲೆ ಹತ್ರ ಓಗ್ಬೇಡ ಅಂತಾರೆ. ಆಮೇಲೆ ನಾ ಇಲ್ಲಿ ಏನು ಮಾಡ್ಲಿ? ನೀನೂ ಏಳ್ಬೇಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

"ಚಿಪ್ಪಿಗೆ ಐದು ಆಕಿದ್ದು ಅದಕ್ಕೇ," ಎಂದರು ಅತ್ತೆ. "ಮಧ್ಯದಲ್ಲಿ ಇರ್ಲಿ ಅಂತ. ನಿನ್ನ ಪರೀಕ್ಷೆ ಕೆಟ್ಟೋಯ್ತಾ?"

ಕೆಟ್ಟಿಲ್ಲ ಎಂದೆ. ಆ ದಿನ ಮಧ್ಯಾಹ್ನ ಪುಸ್ತಕದ ಅಂಚಿನಲ್ಲಿದ್ದ ಸಾಲನ್ನು ಹೊಡೆದು ಹಾಕಿದೆ. ಹೊಡೆದರೂ ಓದಲು ಬರುತ್ತಿತ್ತು. ಹಾಳೆಯನ್ನೇ ಹರಿಯಬೇಕೆನಿಸಿತು, ಆದರೆ ಅದರ ಹಿಂಬದಿಯಲ್ಲಿ ಮೂರು ದಿನದ ತೂಕಗಳಿದ್ದವು. ಮಾರ್ಗದರ್ಶಕರಿಗೆ, ಏಳರಲ್ಲಿ ಒಬ್ಬರ ಅಂಕಗಳು ವ್ಯತ್ಯಾಸ ತೋರುತ್ತಿಲ್ಲ, ಅವರನ್ನು ಬಿಟ್ಟು ಲೆಕ್ಕ ಮಾಡುತ್ತೇನೆ ಎಂದೆ. ಪರೀಕ್ಷೆ ಮಾಡದೆ ಸೇರಿಸಿಕೊಂಡದ್ದು ನನ್ನ ತಪ್ಪೆಂದೂ ಒಪ್ಪಿಕೊಂಡೆ. ಅವರು ಮುಖ ನೋಡಿ, "ಸರಿ, ಹಾಗೇ ಬರಿ" ಎಂದರು. ಕಾರಣ ಕೇಳಲಿಲ್ಲ.

ಎರಡನೇ ನಾಟಿಯ ಕೊಯ್ಲಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಅತ್ತೆಯನ್ನು ರುಚಿ ನೋಡುವುದರಿಂದ ಬಿಡಿಸಬೇಕು, ಬಿಡಿಸಿದ್ದು ಬೇರೆಯವರ ಕಣ್ಣಿಗೆ ಬೀಳಬಾರದು. ಯೋಚಿಸಿ, ಹೂವಿನ ಗಟ್ಟಿತನ ನೋಡುವ ಕೆಲಸ ಅವರೇ ಮಾಡಬೇಕು, ಅದನ್ನು ಮಾಡುವವರು ರುಚಿ ನೋಡುವ ಹಾಗಿಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಅಂಥ ನಿಯಮವೇನೂ ಇಲ್ಲ. ಅವರ ಜಾಗಕ್ಕೆ ನೇಕಾರರ ಮನೆಯ ಸೊಸೆ ಬಂದಳು.

ಉಪಾಯವೆಂದು ಮಾಡಿದ್ದು ನಿಜವಾದ ಕೆಲಸವೇ ಆಯಿತು. ನನ್ನ ಹತ್ತಿರ ಸೂಜಿಯ ತುದಿಯಿಂದ ಒತ್ತಿ ಗಟ್ಟಿತನ ಅಳೆಯುವ ಸಣ್ಣ ಯಂತ್ರವಿತ್ತು. ಒಂದೇ ಹೂವಿನ ಎರಡು ಕಡೆ ಒತ್ತಿದರೆ ಎರಡು ಬಗೆಯ ಅಂಕಿ ತೋರಿಸುತ್ತಿತ್ತು. ಅತ್ತೆ ಹೂವನ್ನು ಅಂಗೈಯಲ್ಲಿ ಎತ್ತಿ ಒಮ್ಮೆ ತೂಗುವರು, ಹೆಬ್ಬೆರಳಿನಿಂದ ಹಿಂಭಾಗ ಒತ್ತುವರು, ಆಮೇಲೆ ಬುಡದ ಒಂದು ಎಸಳನ್ನು ಕಿವಿಯ ಹತ್ತಿರ ಹಿಡಿದು ಮುರಿಯುವರು. ತಾಜಾ ಎಸಳು ಟಪ್ ಎಂದು ಮುರಿಯುತ್ತದೆ. ಒಂದು ದಿನ ಕಳೆದದ್ದು ಸ್ವಲ್ಪ ಬಗ್ಗಿ ಮುರಿಯುತ್ತದೆ. ಎರಡು ದಿನದ್ದು ಸದ್ದೇ ಮಾಡದೆ ಬಾಗುತ್ತದೆ. ಕಣ್ಣು ಕಟ್ಟಿಕೊಂಡು ಕೂತರೂ ಯಾವುದು ಎಷ್ಟು ದಿನದ್ದೆಂದು ಹೇಳಿಬಿಡುತ್ತಿದ್ದರು. ಅವರು ಹೇಳಿದ ಸಾಲನ್ನು ತೂಕದ ಪಟ್ಟಿಯ ಪಕ್ಕ ಇಟ್ಟು ನೋಡಿದರೆ, ಯಾವ ಹೂ ಹೆಚ್ಚು ನೀರು ಕಳೆದುಕೊಂಡಿತ್ತೋ ಅದೇ ಅವರ ಸಾಲಿನಲ್ಲೂ ಕಡೆಗೆ ಬಂದಿರುತ್ತಿತ್ತು.

"ಮುಕ್ಕಾಡು ಹಟಮಾರಿ," ಎನ್ನುತ್ತಿದ್ದರು. "ಐದು ದಿನ ಆದ್ರೂ ಟಪ್ ಅಂತದೆ. ಬೆಳ್ಳಿ ಬರೀ ಸೋಕು. ಬಸ್ ಅತ್ತಿ ಪೊಳ್ಳಾಚಿ ಸಂತೆಗೆ ಓಗೋದ್ರೊಳಗೆ ಮುಖ ಬಾಡ್ಸಿಕೊಳ್ತದೆ."

"ಮೋರು?"

"ಮೋರು ಪಾವ, ಪಾಪದ್ದು. ಒಳ್ಳೇದೇ. ಆದ್ರೆ ಉಟ್ಟುವಾಗ್ಲೇ ಹಳೇದರಂಗೆ ಕಾಣ್ತದಲ್ಲ, ಕೊಳ್ಳೋ ಯಾವಾರಿ ಮೊದಲ್ನೇ ದಿನವೇ ಬೇಡ ಅಂತಾನೆ."

ಆ ದಿನಗಳಲ್ಲಿ ನಾನು ವಾರಕ್ಕೆ ನಾಲ್ಕು ದಿನ ಅಲ್ಲೇ ಇರುತ್ತಿದ್ದೆ. ಬೆಳಿಗ್ಗೆ ಮಾವ ಏನಾದರೊಂದು ನೆಪದಿಂದ ಅಡುಗೆಮನೆಗೆ ಬರುವುದನ್ನು ಗಮನಿಸಿದ್ದೆ. ಒಮ್ಮೆ ನೀರು ಕುಡಿಯಲು, ಒಮ್ಮೆ ಬೆಂಕಿಪೊಟ್ಟಣಕ್ಕೆ. ಬಂದವರು ಹಾಲಿನ ಪಾತ್ರೆಯ ಮುಚ್ಚಳ ಎತ್ತಿ ನೋಡುವರು, ಗ್ಯಾಸ್ ಒಲೆಯ ಹತ್ತಿರ ಒಂದು ಗಳಿಗೆ ನಿಲ್ಲುವರು, ಹೋಗುವರು. ವಯಸ್ಸಾದವರ ಅಭ್ಯಾಸ ಎಂದುಕೊಂಡಿದ್ದೆ.

ಎರಡನೇ ಕೊಯ್ಲು ಮುಗಿದು ಏಳೆಂಟು ದಿನವಾಗಿತ್ತು. ಅಳತೆಗಳೆಲ್ಲ ಮುಗಿದು, ಉಳಿದ ಹೂಗಳನ್ನು ಗೊಬ್ಬರದ ಗುಂಡಿಗೆ ಹಾಕುವುದಷ್ಟೇ ಬಾಕಿ. ನಾನು ಜಗಲಿಯ ಮೇಲೆ ತಕ್ಕಡಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಅತ್ತೆ ಪ್ಲಾಸ್ಟಿಕ್ ಚೀಲಗಳನ್ನು ಗುಂಡಿಯ ಹತ್ತಿರ ಒಯ್ದು ಒಂದೊಂದಾಗಿ ಬಿಚ್ಚಿ ಸುರಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಸುರಿಯುವ ಸದ್ದು ನಿಂತಿತು. ತಲೆಯೆತ್ತಿ ನೋಡಿದರೆ ಬೆಳ್ಳಿಯ ಚೀಲವೊಂದನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಬಾಯಿಗೆ ಮುಖ ಬಗ್ಗಿಸಿ ನಿಂತಿದ್ದರು.

ಏನಾಯಿತೋ ಎಂದು ಓಡಿದೆ. ಹತ್ತಿರ ಹೋಗುವಷ್ಟರಲ್ಲಿ ನಾತಕ್ಕೆ ನಾನೇ ಮೂಗು ಮುಚ್ಚಿಕೊಂಡೆ.

"ಕಣ್ಣು, ಏನೋ ಬರ್ತಾ ಐತೆ," ಎಂದರು ಅತ್ತೆ, ಮುಖ ಎತ್ತದೆ. "ದೂರದಲ್ಲಿ. ಸುಟ್ಟ ರಬ್ಬರಿನಂಗೆ. ಇಲ್ಲ, ಅದಲ್ಲ. ಏನೋ ಕೆಟ್ಟದ್ದು."

ಅವರು ಮುಖ ದೂರ ಮಾಡಿ, ಉಸಿರು ಬಿಟ್ಟು, ಮತ್ತೆ ಹತ್ತಿರ ತಂದರು. ಮತ್ತೆ ದೂರ. ಹೀಗೆ ನಾಲ್ಕು ಸಲ.

"ಬರ್ತದೆ," ಎಂದರು. "ಓಗ್ತದೆ. ತಿರುಗಿ ಬರ್ತದೆ."

ಮಾವ ಬಾಳೆ ಎಲೆ ಹೊತ್ತುಕೊಂಡು ತೋಟದ ಕಡೆಯಿಂದ ಬರುತ್ತಿದ್ದವರು ನಮ್ಮನ್ನು ನೋಡಿ ನಿಂತರು. "ಏನು ಅದು?" ಎಂದು ತಮ್ಮ ಎಂದಿನ ದೊಡ್ಡ ಗಂಟಲಿನಲ್ಲಿ ಕೇಳಿದರು.

ಅತ್ತೆ ನನ್ನ ಕಡೆ ನೋಡಿದರು. ಆಮೇಲೆ ಮುಚ್ಚಿಡುವುದು ಇನ್ನು ಸಾಕು ಅನ್ನಿಸಿತೋ ಏನೋ, "ನಾತ ಬಂತು" ಎಂದರು. ಮಾವನಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ, ಅಕ್ಷರ ಬಿಡಿಸಿ ಹೇಳಿದರು. "ನಂಗೆ, ನಾತ, ಬಂತು."

ಮಾವ ಎಲೆಯ ಕಟ್ಟನ್ನು ನೆಲಕ್ಕಿಟ್ಟು, ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಹೆಗಲ ಮೇಲಿನ ಟವಲಿನಿಂದ ಕತ್ತು ಒರೆಸಿಕೊಂಡರು.

"ಮೂರು ವರ್ಷ ದಾಟ್ತು," ಎಂದರು.

ಅತ್ತೆಯ ಕೈಯಲ್ಲಿದ್ದ ಚೀಲ ಕೆಳಗಿಳಿಯಿತು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಕಾಚ್ಚಲು ಬಿಟ್ಟ ತಿಂಗಳು. ಅಟ್ಟದಲ್ಲಿ ಇಲಿ ಸತ್ತಿತ್ತು. ನಾನು ಒಳಕ್ಕೆ ಬಂದ್ರೆ ನಿಲ್ಲಕ್ಕಾಗ್ತಿಲ್ಲ. ನೀನು ಸರಿಯಾಗಿ ಅದರ ಕೆಳಗೆ ಕೂತ್ಕಂಡು ಬೆಂಡೆಕಾಯಿ ಕುಯ್ತಾ ರಾಗವಾಗಿ ಪಾಟು ಏಳ್ತಿದ್ದೆ."

"ಆ ಇಲಿ ಏನಾಯ್ತು?"

"ನೀ ಸ್ನಾನಕ್ಕೆ ಓದಾಗ ತೆಗ್ದು ಊತಾಕ್ದೆ."

ನಾನು ಅಲ್ಲಿಂದ ಹೋಗಬೇಕೆಂದುಕೊಂಡೆ, ಆದರೆ ಹೋದರೆ ಹೋದದ್ದು ಎದ್ದು ಕಾಣುತ್ತಿತ್ತು. ಹಾಗಾಗಿ ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡು ಗುಂಡಿಗೆ ಸುರಿದೆ.

"ಯಾಕೆ ಏಳ್ಲಿಲ್ಲ?" ಎಂದು ಅತ್ತೆ ಕೇಳಿದರು.

"ನೀನೂ ಏಳ್ಲಿಲ್ಲ," ಎಂದರು ಮಾವ. ಆಮೇಲೆ ಸಮಾಧಾನದ ದನಿಯಲ್ಲಿ, ಎಂದರೆ ಅವರ ಮಟ್ಟಿಗೆ ಸಮಾಧಾನದ ದನಿಯಲ್ಲಿ, "ನಿಂಗೆ ಬೇಡ ಅಂತ ಇತ್ತು. ಇರ್ಲಿ ಅಂತ ಬಿಟ್ಟೆ. ಹಾಲು, ಗ್ಯಾಸು ನಾನು ನೋಡ್ಕಂತಿದ್ದೆ" ಎಂದರು.

ಆಗ ಅತ್ತೆ ಅತ್ತರು. ಹೆಚ್ಚು ಹೊತ್ತಲ್ಲ. ಕೈಗೆ ಕೊಳೆತದ್ದು ಮೆತ್ತಿಕೊಂಡಿತ್ತಾದ್ದರಿಂದ ಕಣ್ಣೊರೆಸಿಕೊಳ್ಳಲು ಆಗದೆ ತೋಳಿನಿಂದ ಒರೆಸಿಕೊಂಡರು. ಮಾವ ತಮ್ಮ ಟವಲು ಕೊಟ್ಟರು. ನಾನು ಬಾವಿಯ ಮೋಟರು ಹಾಕಲು ಹೋದೆ.

ವಾಸನೆ ಒಂದೇ ದಿನಕ್ಕೆ ಮರಳಿ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಬಂದವುಗಳೆಲ್ಲ ಕೆಟ್ಟ ವಾಸನೆಗಳೇ. ಕಾಫಿ ಸುಟ್ಟ ರಬ್ಬರಿನಂತೆ, ಬೇಯಿಸಿದ ಮೊಟ್ಟೆ ಸೀಮೆಎಣ್ಣೆಯಂತೆ, ಈರುಳ್ಳಿ ಹುರಿದರೆ ಅಡುಗೆಮನೆಯಲ್ಲೇ ನಿಲ್ಲಲಾಗದಂತೆ. ಅಲ್ಲಿಯವರೆಗೆ ಸದ್ದು, ಬಣ್ಣ ನೋಡಿ ಸಲೀಸಾಗಿ ಅಡುಗೆ ಮಾಡುತ್ತಿದ್ದವರಿಗೆ ಈಗ ಊಟವೇ ಸೇರದಾಯಿತು. ಮಗಳಿಗೆ ವಿಷಯ ತಿಳಿಯಿತು. ಅವಳು ಕುನ್ನತ್ತೂರಿನಿಂದ ಬಂದು ಜಗಳವಾಡಿ, ಅತ್ತು, ಕೊಯಮತ್ತೂರಿನ ಮೂಗಿನ ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಕೆಲವರಿಗೆ ಹೀಗೇ ತಿರುಚಿಕೊಂಡು ಬರುತ್ತದೆ, ದಿನಾ ನಾಲ್ಕು ಬಗೆಯ ವಾಸನೆಗಳನ್ನು ಒಂದೊಂದಾಗಿ ಮೂಸಿ, ಅದು ಹೇಗಿತ್ತು ಎಂದು ನೆನಪಿಸಿಕೊಳ್ಳಿ ಎಂದು ವೈದ್ಯರು ಹೇಳಿದರಂತೆ. ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ, ಮಲ್ಲಿಗೆ. ಪ್ರತಿ ಬೆಳಿಗ್ಗೆ ಮಾವ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಇದನ್ನೆಲ್ಲ ಅತ್ತೆ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ಮೊದಲು ಸರಿಯಾಗಿ ಬಂದದ್ದು ನಿಂಬೆ. ಮಲ್ಲಿಗೆ ಬಹಳ ದಿನ ಬರಲೇ ಇಲ್ಲ.

ಈ ನಡುವೆ ನಾನು ಪ್ರಬಂಧ ಬರೆದು ಮುಗಿಸಿದೆ. ಕೊಠಡಿಯ ಬಿಸಿಯಲ್ಲಿ ಬೆಳ್ಳಿ ಎಲ್ಲಕ್ಕಿಂತ ಬೇಗ ಕೆಡುತ್ತದೆ. ಮುಕ್ಕಾಡು ಎಲ್ಲಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ. ರುಚಿಯಲ್ಲಿ ಮೋರಿಗೆ ಸಮ ಇನ್ನೊಂದಿಲ್ಲ, ಅದೂ ಮೂರನೇ ದಿನಕ್ಕೂ. ಒದ್ದೆ ಗೋಣಿ ಮೂರಕ್ಕೂ ಒಂದು ದಿನದಷ್ಟು ಆಯುಸ್ಸು ಕೊಡುತ್ತದೆ, ಬಾಯಿ ಕಟ್ಟಿದ ಪ್ಲಾಸ್ಟಿಕ್ಕು ತೂಕ ಉಳಿಸಿ ಹೂವನ್ನು ಕೊಲ್ಲುತ್ತದೆ. ಶೀತಕೋಣೆಯಲ್ಲಿಟ್ಟರೆ ತಳಿಗಳ ನಡುವಿನ ಅಂತರ ಬಹುಪಾಲು ಕರಗಿಹೋಗುತ್ತದೆ. ಇವನ್ನೆಲ್ಲ ಕೋಷ್ಟಕಗಳಲ್ಲಿ ತುಂಬಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಹಿರಿಯರೊಬ್ಬರು ಗಟ್ಟಿತನದ ಕೋಷ್ಟಕದ ಮೇಲೆ ಬೆರಳಿಟ್ಟು, ಯಂತ್ರದ ಅಂಕಿಗಳ ಪಕ್ಕದಲ್ಲಿರುವ ಈ ಇನ್ನೊಂದು ಸಾಲು ಯಾವುದು ಎಂದು ಕೇಳಿದರು. ಬೆಳೆಗಾರ್ತಿಯೊಬ್ಬರು ಎಸಳು ಮುರಿದು, ಸದ್ದು ಕೇಳಿ ಕೊಟ್ಟ ಶ್ರೇಣಿ ಎಂದೆ. ಅವರು ಎರಡು ಸಾಲನ್ನೂ ಮೇಲಿನಿಂದ ಕೆಳಗೆ ನೋಡಿ, ಯಂತ್ರಕ್ಕಿಂತ ಇದೇ ಹೆಚ್ಚು ಒಂದೇ ಸಮನಾಗಿದೆಯಲ್ಲ ಎಂದರು. ಹೌದು ಎಂದೆ. ಅಷ್ಟೇ ಮಾತು.

ಪ್ರಬಂಧ ಇಂಗ್ಲಿಷಿನಲ್ಲಿತ್ತು. ಅದರ ಒಂದು ಪ್ರತಿಯನ್ನು ತೆಗೆದುಕೊಂಡು ಹೋಗಿ, ಜಗಲಿಯ ಮೇಲೆ ಎಲ್ಲರನ್ನೂ ಕೂರಿಸಿ, ಏನು ಗೊತ್ತಾಯಿತೆಂದು ಕನ್ನಡದಲ್ಲಿ ಓದಿ ಹೇಳಿದೆ. ನೇಕಾರರ ಮನೆಯ ಅಜ್ಜಿ, ಮೂರನೇ ದಿನ ಚಿಪ್ಪು ತಳ್ಳಿದಾಗಲೇ ನಾನು ಇದನ್ನು ಹೇಳಿದ್ದೆ ಎಂದರು. ನಿಜ, ಹೇಳಿದ್ದರು. ಅತ್ತೆ ಮಾತ್ರ ಒಂದು ಪ್ರಶ್ನೆ ಕೇಳಿದರು.

"ನಿಲ್ಲೋದಕ್ಕೆ ರುಚಿ ಇಲ್ಲ, ರುಚಿ ಇರೋದಕ್ಕೆ ಬಣ್ಣ ಇಲ್ಲ. ಅಂಗಾದ್ರೆ ಯಾವ್ದು ನಡ್ಲಿ ಅಂತ ಬರ್ದಿದೀಯ?"

ಹಾಗೆ ಒಂದನ್ನೇ ಬರೆದಿಲ್ಲ, ಎಲ್ಲಿ ಮಾರುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ ಎಂದು ಬರೆದಿದ್ದೇನೆ ಎಂದೆ. ಅವರಿಗೆ ಅದು ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. ಮಾವ, "ಓದಿದೋರು ಅಂಗೇ ಏಳೋದು" ಎಂದರು.

ಮುಂದಿನ ಚಳಿಗಾಲದಲ್ಲಿ ಅವರು ಬಸ್ಸಿನಲ್ಲಿ ಸಂತೆಗೆ ಹೋಗುವ ಹೂವಿನ ಪಾತಿಗಳಲ್ಲೆಲ್ಲ ಮುಕ್ಕಾಡು ಹಾಕಿದರು. ಬಾವಿಯ ಹತ್ತಿರದ ಎರಡು ಸಾಲಿನಲ್ಲಿ ಮನೆಗೆ, ನೆರೆಯವರಿಗೆ, ಕುನ್ನತ್ತೂರಿಗೆ ಎಂದು ಮೋರು. ಬೆಳ್ಳಿಯನ್ನು ಆ ಊರಿನಲ್ಲಿ ಈಗ ಯಾರೂ ಬೆಳೆಯುವುದಿಲ್ಲ. ಅದು ನನ್ನ ಪ್ರಬಂಧದಿಂದ ಆದದ್ದಲ್ಲ, ಬೀಜದ ಅಂಗಡಿಯವರೇ ತರಿಸುವುದನ್ನು ನಿಲ್ಲಿಸಿದರು.

ನಾನು ಈಗ ಕೆಲಸದಲ್ಲಿರುವುದು ಬೇರೆ ಕಡೆ. ಹೋದ ತಿಂಗಳು ಆ ದಾರಿಯಲ್ಲಿ ಬಂದವಳು ಇಳಿದು ಮನೆಗೆ ಹೋದೆ. ಮಾವ ಊಟಕ್ಕೆ ಕೂತಿದ್ದರು. ಅತ್ತೆ ಮೋರಿನ ಹೂವಿಗೆ ತೆಂಗಿನಕಾಯಿ, ಸೋಂಪು ಅರೆದು ಹಾಕಿ ಕುಳಂಬು ಮಾಡಿದ್ದರು. ನನಗೂ ಎಲೆ ಹಾಕಿದರು. ಎರಡು ತುತ್ತು ತಿಂದ ಮಾವ, "ಸೋಂಪು ಜಾಸ್ತಿ ಆಯ್ತು" ಎಂದರು.

"ನಂಗೂ ಗೊತ್ತಾಯ್ತು," ಎಂದರು ಅತ್ತೆ. "ಅರೆಯುವಾಗ್ಲೇ ಗೊತ್ತಾಯ್ತು. ತಿನ್ನು."

ಮಾವ ತಿಂದರು. ನಿಜಕ್ಕೂ ಸ್ವಲ್ಪ ಜಾಸ್ತಿಯೇ ಆಗಿತ್ತು. ನಾನೂ ಎರಡನೇ ಸಲ ಹಾಕಿಸಿಕೊಂಡೆ.